ಉದ್ದದ ಹಾಡು ಹಿಡಿಸದವರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಗೆಳೆಯರೊಬ್ಬರ ಒತ್ತಾಯಕ್ಕೆ ಮಣಿದು, ಉದ್ದುದ್ದ ಹಾಡುಗಳಿಗೆ ಹೆಸರಾದ ಪ್ರೋಗ್ರೆಸಿವ್ ರಾಕ್ ಸಂಗೀತ ಕೇಳಲು ಕುಳಿತೆ. ಅವರು ಮೊದಲು ಹಾಕಿದ್ದು ‘ಯೆಸ್’ ತಂಡದ ‘ಕ್ಲೋಸ್ ಟು ದಿ ಎಡ್ಜ್’. 18 ನಿಮಿಷಕ್ಕೂ ಮೀರಿದ ಆ ಹಾಡಿನಲ್ಲಿ ಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂಬುದೇ ತಿಳಿಯದೆ ಅರ್ಧಕ್ಕೇ ಎದ್ದುಬಿಟ್ಟೆ. ಒಂದೇ ಒಂದು ಆಲ್ಬಮ್‌ನಿಂದ ಆರಂಭಿಸುವುದಾದರೆ ಯಾವುದನ್ನು ಕೇಳಬೇಕು?

ಉತ್ತರ: ನಿಮ್ಮ ಗೆಳೆಯರ ಆಯ್ಕೆ ಶ್ರೇಷ್ಠವಾದುದೇ, ಆದರೆ ಮೊದಲ ದಿನಕ್ಕೆ ಅದು ಭಾರವಾಯಿತು. ನಾನಾಗಿದ್ದರೆ ಕೆನಡಾದ ‘ರಶ್’ ತಂಡ 1981ರ ಫೆಬ್ರುವರಿಯಲ್ಲಿ ಹೊರತಂದ ‘ಮೂವಿಂಗ್ ಪಿಕ್ಚರ್ಸ್’ ಕೇಳಿಸುತ್ತಿದ್ದೆ. ಅದರಲ್ಲಿರುವುದು ಏಳೇ ಹಾಡುಗಳು, ಒಟ್ಟು ಸುಮಾರು 40 ನಿಮಿಷ. ಬಾಸ್ ಗಿಟಾರ್, ಕೀಬೋರ್ಡ್, ಗಾಯನ ಮೂರನ್ನೂ ನಿಭಾಯಿಸುವ ಗೆಡ್ಡಿ ಲೀ, ಗಿಟಾರ್ ವಾದಕ ಅಲೆಕ್ಸ್ ಲೈಫ್ಸನ್, ಡ್ರಮ್ಸ್ ನುಡಿಸುತ್ತ ಸಾಹಿತ್ಯವನ್ನೂ ಬರೆಯುತ್ತಿದ್ದ ನೀಲ್ ಪಿಯರ್ಟ್, ಈ ಮೂವರದೇ ತಂಡ ಅದು.

ಈ ಸಂಗೀತದ ಜೀವಾಳ ಉದ್ದದಲ್ಲಿದೆ ಎಂದು ಹಲವರು ಭಾವಿಸುತ್ತಾರೆ. ಒಂದೇ ಹಾಡಿನೊಳಗೆ ಲಯವೂ ವೇಗವೂ ಭಾವವೂ ಮಗ್ಗುಲು ಬದಲಿಸುವ ಬಗೆಯಲ್ಲಿ ಅದಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಅದನ್ನು ನಾಲ್ಕೈದು ನಿಮಿಷಗಳ ಅಳತೆಯಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಆಲ್ಬಮ್ ಇನ್ನೊಂದು ನನಗೆ ತೋಚುತ್ತಿಲ್ಲ. ಮೊದಲ ಹಾಡು ‘ಟಾಮ್ ಸಾಯರ್’ ಅನ್ನೇ ನೋಡಿ. ನಾಲ್ಕರ ಎಣಿಕೆಯಲ್ಲಿ ಸರಾಗವಾಗಿ ಸಾಗುವ ಹಾಡು, ನಡುವೆ ಸಿಂಥಸೈಜರ್ ಮುಂದೆ ಬಂದಾಗ ಏಳರ ಎಣಿಕೆಗೆ ಜಾರುತ್ತದೆ. ಕಾಲಿನಲ್ಲಿ ತಾಳ ಹಾಕುತ್ತಿದ್ದರೆ ಅಲ್ಲಿ ಖಂಡಿತ ತಪ್ಪುತ್ತದೆ. ತಪ್ಪಲಿ, ಆ ಜಾಗವನ್ನು ಮತ್ತೆ ಕೇಳಿ.

ಮೂರನೆಯದು ‘ವೈ ವೈ ಝೆಡ್’. ಇದರಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಈ ಮೂರು ಅಕ್ಷರಗಳು ತಂಡದ ತವರಾದ ಟೊರೊಂಟೊ ನಗರದ ಪಿಯರ್ಸನ್ ವಿಮಾನ ನಿಲ್ದಾಣದ ಸಂಕೇತ, ಮತ್ತು ಆರಂಭದಲ್ಲಿ ಸಣ್ಣ ಗಂಟೆಯಂತೆ ಕಿಣಿಗುಟ್ಟುವ ಸದ್ದು ಅದೇ ಸಂಕೇತದ ಮೋರ್ಸ್ ರೂಪ, ಅಂದರೆ ಅಕ್ಷರಗಳನ್ನು ಉದ್ದ ಮತ್ತು ಗಿಡ್ಡ ಸದ್ದುಗಳಲ್ಲಿ ಹೇಳುವ ತಂತಿ ಭಾಷೆ. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಉದ್ದದ ಸದ್ದನ್ನು ಗುರು, ಗಿಡ್ಡದ್ದನ್ನು ಲಘು ಎಂದು ಎಣಿಸಿಕೊಳ್ಳಿ: ಗುರು ಲಘು ಗುರು ಗುರು, ಗುರು ಲಘು ಗುರು ಗುರು, ಗುರು ಗುರು ಲಘು ಲಘು. ಏಳು, ಏಳು, ಆರು, ಒಟ್ಟು ಇಪ್ಪತ್ತು ಮಾತ್ರೆ. ಈ ಲೆಕ್ಕವನ್ನು ಒಮ್ಮೆ ಬೆರಳಿನ ಮೇಲೆ ಹಾಕಿದಿರೆಂದರೆ, ಗಿಟಾರ್ ಮತ್ತು ಬಾಸ್ ಅದೇ ಪ್ರಸ್ತಾರವನ್ನು ಹಿಡಿದು ಬಂದಾಗ ಮೊದಲು ಗೊಂದಲವೆನಿಸಿದ್ದೇ ಕಟ್ಟಡದಂತೆ ಕಣ್ಣಿಗೆ ಕಟ್ಟುತ್ತದೆ.

‘ಲೈಮ್‌ಲೈಟ್’ ಮುಗಿದೊಡನೆ ಸ್ವಲ್ಪ ನಿಲ್ಲಿಸಿ. ಎಲ್‌ಪಿ ತಟ್ಟೆಯ ಮೊದಲ ಬದಿ ಮುಗಿಯುತ್ತಿದ್ದುದು ಅಲ್ಲಿಯೇ, ಮತ್ತು ತಟ್ಟೆಯನ್ನು ಮಗುಚುವಷ್ಟು ಹೊತ್ತಿನ ಆ ವಿರಾಮ ಕಿವಿಗೆ ಬೇಕು. ಎರಡನೆಯ ಬದಿ ತೆರೆದುಕೊಳ್ಳುವುದು ‘ದಿ ಕ್ಯಾಮೆರಾ ಐ’ ಮೂಲಕ. ನ್ಯೂಯಾರ್ಕ್ ಮತ್ತು ಲಂಡನ್ ನಗರಗಳನ್ನು ಕುರಿತ, 11 ನಿಮಿಷಗಳಿಗೆ ಹತ್ತಿರವಾದ ಈ ಹಾಡಿನಲ್ಲಿ ಗಾಯಕನ ದನಿ ಕೇಳಿಸುವ ಮೊದಲು ಸಾಕಷ್ಟು ಹೊತ್ತು ವಾದ್ಯಗಳೇ ಮಾತನಾಡುತ್ತವೆ. ಅಷ್ಟರಲ್ಲಿ ಕಿವಿ ಪಳಗಿರುವುದರಿಂದ ನೀವು ಎದ್ದು ಹೋಗಲಾರಿರಿ ಎಂಬ ನಂಬಿಕೆ ನನಗಿದೆ. ದಯವಿಟ್ಟು ಹಾಡುಗಳ ಕ್ರಮವನ್ನು ಮಾತ್ರ ಕಲಸಬೇಡಿ.

ಇದು ರುಚಿಸಿದರೆ ಅದೇ ತಂಡದ 1976ರ ‘2112’ ಕೇಳಿ, ಅದರ ಒಂದು ಬದಿಯಿಡೀ ಒಂದೇ ಕಥನ. ಆಮೇಲೆ ಗೆಳೆಯರ ಬಳಿ ಹೋಗಿ ‘ಕ್ಲೋಸ್ ಟು ದಿ ಎಡ್ಜ್’ ಅನ್ನು ಮತ್ತೊಮ್ಮೆ ಹಾಕಿಸಿ. ಆರಂಭದಲ್ಲಿ ಕೇಳಿದ ಹಕ್ಕಿಗಳ ಮತ್ತು ನೀರಿನ ದನಿ ಹಾಡಿನ ಕೊನೆಯಲ್ಲಿ ಮರಳಿ ಬರುತ್ತದೆ. ಅಂದು ಅರ್ಧಕ್ಕೇ ಎದ್ದ ನಿಮಗೆ ಅದು ಕೇಳಿಸಿರಲಾರದು.