ಒಂದೇ ಶಕ್ತಿಯ ನೆಲದಡಿಯ ಸ್ಫೋಟ ಎಲ್ಲ ಕಡೆಯೂ ಒಂದೇ ಪ್ರಮಾಣದ ಕಂಪನ ಕೊಡುತ್ತದೆಯೇ?

ಇಲ್ಲ. ಸ್ಫೋಟ ಎಷ್ಟು ದೊಡ್ಡದು ಅನ್ನುವಷ್ಟೇ, ಅದು ಯಾವ ಜಾಗದಲ್ಲಿ ಆಯಿತು ಅನ್ನುವುದೂ ಮುಖ್ಯ.

ಗ್ರಾನೈಟ್‌ನಂಥ ಗಟ್ಟಿ ಬಂಡೆಯಲ್ಲಿ ಸಿಡಿಸಿದರೆ ಶಕ್ತಿ ಚೆನ್ನಾಗಿ ಅಲೆಯಾಗಿ ಹೊರಡುತ್ತದೆ. ಒಣ, ಸಡಿಲ ಮಣ್ಣಿನಲ್ಲಾದರೆ ಕಣಗಳ ನಡುವಿನ ಗಾಳಿ ಜಾಗ ಕುಸಿಯುವುದರಲ್ಲೇ ಅದರ ಬಹುಪಾಲು ಖರ್ಚಾಗುತ್ತದೆ. ಮರಳಿನ ಮೂಟೆಗೆ ಗುದ್ದಿದ ಹಾಗೆ! ಅದೇ ಮಣ್ಣಿನಲ್ಲಿ ನೀರು ತುಂಬಿದ್ದರೆ ಕಂಪನ ಜಾಸ್ತಿ.

ಇನ್ನೂ ಮಜಾ ಇರುವುದು ಟೊಳ್ಳು ಗುಹೆಯ ವಿಷಯದಲ್ಲಿ. 1964ರಲ್ಲಿ ಅಮೆರಿಕದವರು ಮಿಸಿಸಿಪ್ಪಿಯ ನೆಲದಡಿಯ ಉಪ್ಪಿನ ಗುಮ್ಮಟದಲ್ಲಿ, ಸುಮಾರು 828 ಮೀಟರ್ ಆಳದಲ್ಲಿ, 5.3 ಕಿಲೋಟನ್ನಿನ (ಒಂದು ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕದ ಶಕ್ತಿ) ‘ಸಾಲ್ಮನ್’ ಅಣುಬಾಂಬ್ ಪರೀಕ್ಷೆ ಮಾಡಿದರು. ಅಲ್ಲೊಂದು ದೊಡ್ಡ ಪೊಳ್ಳು ಉಂಟಾಯಿತು. 1966ರಲ್ಲಿ ಅದರೊಳಗೇ 0.38 ಕಿಲೋಟನ್ನಿನ ‘ಸ್ಟರ್ಲಿಂಗ್’ ಸಿಡಿಸಿದರು. ಉಪ್ಪಿಗೆ ಒತ್ತಿಕೊಂಡಂತೆ ಸಿಡಿಸಿದ್ದರೆ ಬರಬೇಕಿದ್ದ ಕಂಪನಕ್ಕಿಂತ ಸುಮಾರು 70 ಪಟ್ಟು ಕಡಿಮೆ ಬಂತು. ಗುಹೆಯ ಗಾಳಿ ಹೊಡೆತವನ್ನು ಹರಡಿ ಮೆತ್ತಗೆ ಮಾಡಿತು, ಗೋಡೆ ಒಡೆಯದೆ ಸುಮ್ನೆ ಬಾಗಿ ಹಿಂದೆ ಬಂತು. ಕದ್ದು ಪರೀಕ್ಷೆ ಮಾಡುವವರ ಬಗ್ಗೆ ಚಿಂತೆ ಇರುವುದೂ ಇಂಥದ್ದರಿಂದಲೇ. ಆದರೆ ದೊಡ್ಡ ಬಾಂಬಿಗೆ ಅಷ್ಟು ದೊಡ್ಡ ಗುಹೆ ಗುಟ್ಟಾಗಿ ಕೊರೆಯುವುದು ಸುಲಭವಲ್ಲ, ಅಲ್ವಾ?

ಅಲೆ ಸಾಗುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಅಣು ಪರೀಕ್ಷಾ ಜಾಗವಾದ ನೆವಾಡಾದ ಕೆಳಗಿನ ಭೂಮಿ ಬಿಸಿ, ಅಲೆಯನ್ನು ಹೀರುತ್ತದೆ. ಸೋವಿಯತ್ ಒಕ್ಕೂಟ ಪರೀಕ್ಷೆ ಮಾಡುತ್ತಿದ್ದ ಕಜಕಸ್ತಾನದ ಸೆಮಿಪಲಟಿನ್‌ಸ್ಕ್ ಕೆಳಗೆ ಹಳೆಯ, ತಣ್ಣನೆಯ ಭೂಮಿ. ಹಾಗಾಗಿ ಒಂದೇ ಶಕ್ತಿಯ ಬಾಂಬು ಅಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಇದನ್ನು ಸರಿಯಾಗಿ ಲೆಕ್ಕ ಹಾಕದೆ ಸೋವಿಯತ್ ಬಾಂಬುಗಳನ್ನು ಇದ್ದದ್ದಕ್ಕಿಂತ ದೊಡ್ಡವೆಂದು ಅಮೆರಿಕ ಎಣಿಸಿದ್ದೂ ಉಂಟು.

ನಮ್ಮ ಗೌರಿಬಿದನೂರಿನ ಕಂಪನಮಾಪಕ ಕೇಂದ್ರ 1960ರ ದಶಕದಿಂದ ಇಂಥ ಸ್ಫೋಟಗಳನ್ನು ಆಲಿಸುತ್ತಿದೆ.