ವಿಮಾನ ಮಾಡಿದವರು ಬರ್ದುಕೊಟ್ಟ ಪ್ರೊಸೀಜರ್‌ನ ಏರ್‌ಲೈನ್‌ನವರು ಬದಲಾಯಿಸಬಹುದಾ?

ಬೋಯಿಂಗ್, ಏರ್‌ಬಸ್‌ನವರೇ ಹೀಗೆ ಓಡಿಸಿ ಅಂತ ಬರ್ದುಕೊಟ್ಟ ಮೇಲೆ ಅದನ್ನ ಏರ್‌ಲೈನ್‌ನವರು ಯಾಕೆ ಮುಟ್ಟಬೇಕು, ಅದು ಡೇಂಜರ್ ಅಲ್ವಾ ಅಂತ ಕೇಳಿದೀರ. ನಾನು ಏರ್‌ಬಸ್ ಎ320ಯಲ್ಲಿ ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್, ಆರು ವರ್ಷ ಆಯ್ತು.

ಬದಲಾಯಿಸ್ತಾರೆ, ಹೆಚ್ಚುಕಮ್ಮಿ ಎಲ್ಲಾ ಕಂಪನಿಯವರೂ. ಬೋಯಿಂಗ್ ಏರ್‌ಬಸ್ ಎರಡೂ ಇಟ್ಕೊಂಡಿರೋರು ಪೈಲಟ್‌ಗಳು ಹಾರಿಸುವಾಗ ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳೋ ಮಾತುಗಳನ್ನ (ಕಾಲ್‌ಔಟ್) ಒಂದೇ ಥರ ಮಾಡ್ಕೊಳ್ತಾರೆ, ಇಳಿದ ಮೇಲೆ ಇಂಜಿನ್ ಮೂರು ನಿಮಿಷ ತಣ್ಣಗಾಗೋಕೆ ಬಿಟ್ಟು ಒಂದನ್ನ ಆಫ್ ಮಾಡಿ ಇನ್ನೊಂದರಲ್ಲೇ ಗೇಟ್‌ವರೆಗೆ ಬನ್ನಿ ಅಂತಾರೆ, ಇಂಧನ ಉಳಿಯತ್ತೆ. ಇದಕ್ಕೆಲ್ಲ ನನ್ನ ತಕರಾರಿಲ್ಲ.

ತಕರಾರು ಇರೋದು, ಉಳಿತಾಯಕ್ಕೆ ಅಂತ ಮಾಡಿದ ಬದಲಾವಣೆ ಪೈಲಟ್‌ನ ಕೈಗೆ ಅಭ್ಯಾಸ ಆಗಿಬಿಡೋದ್ರ ಬಗ್ಗೆ. 1999ರ ಸೆಪ್ಟೆಂಬರ್ 23ರ ರಾತ್ರಿ ಬ್ಯಾಂಕಾಕ್‌ನಲ್ಲಿ ಆಗಿದ್ದು ಇದೇ. ಆಸ್ಟ್ರೇಲಿಯಾದ ಕ್ವಾಂಟಸ್ ಏರ್‌ಲೈನ್‌ನವರು 1996ರ ಕೊನೆಗೆ ತಮ್ಮ ಬೋಯಿಂಗ್ 747-400ಗಳ ಲ್ಯಾಂಡಿಂಗ್‌ಗೆ ಹೊಸ ರೂಢಿ ತಂದಿದ್ರು, ಫ್ಲಾಪ್ (ನಿಧಾನವಾಗಿ ಇಳಿಯೋಕೆ ರೆಕ್ಕೆಯಿಂದ ಚಾಚೋ ಭಾಗ, ನಂಬರ್ ಜಾಸ್ತಿ ಆದಷ್ಟೂ ಜಾಸ್ತಿ ಚಾಚತ್ತೆ) 30ರ ಬದಲು 25, ರಿವರ್ಸ್ ಥ್ರಸ್ಟ್ (ವಿಮಾನ ನಿಲ್ಲಿಸೋಕೆ ಇಂಜಿನ್ ಗಾಳಿಯನ್ನ ಮುಂದಕ್ಕೆ ತಿರುಗಿಸೋದು) ಫುಲ್ ಬೇಡ, ಐಡಲ್ ಅಂದ್ರೆ ಕನಿಷ್ಠ ಪವರ್‌ನಲ್ಲಿ ಸಾಕು. ಕಾರ್ಬನ್ ಬ್ರೇಕ್ ಸವೆಯೋದು ಎಷ್ಟು ಜೋರಾಗಿ ಒತ್ತಿದ್ರಿ ಅನ್ನೋದಕ್ಕಿಂತ ಎಷ್ಟು ಸಲ ಒತ್ತಿದ್ರಿ ಅನ್ನೋದ್ರ ಮೇಲೆ, ಹಾಗಾಗಿ ರಿವರ್ಸ್ ಕಮ್ಮಿ ಮಾಡಿ ಬ್ರೇಕ್ ಜೋರಾಗಿ ಒತ್ತಿದ್ರೂ ಸವೆತ ಅಷ್ಟೇನೂ ಹೆಚ್ಚಲ್ಲ ಅನ್ನೋ ಲೆಕ್ಕ ಸರಿಯಾಗೇ ಇತ್ತು, ಸದ್ದೂ ಕಮ್ಮಿ. ಒಣ ರನ್‌ವೇನಲ್ಲಿ ಏನೂ ತೊಂದ್ರೆ ಇಲ್ಲ. ಆದ್ರೆ ಆ ರಾತ್ರಿ ಬ್ಯಾಂಕಾಕ್‌ನ ಡಾನ್ ಮುವಾಂಗ್ ಏರ್‌ಪೋರ್ಟ್‌ನಲ್ಲಿ ಧಾರಾಕಾರ ಮಳೆ, ರನ್‌ವೇ ಮೇಲೆ ನೀರು ನಿಂತಿದೆ, ಕ್ವಾಂಟಸ್‌ನ ವಿಮಾನ ಎತ್ತರದಲ್ಲೂ ಸ್ಪೀಡಲ್ಲೂ ಜಾಸ್ತಿ ಬಂತು, ಇನ್ನೇನು ಚಕ್ರ ನೆಲ ಮುಟ್ಟಬೇಕು ಅನ್ನುವಾಗ ಕ್ಯಾಪ್ಟನ್ ಮೊದಲು ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರೋದು) ಅಂದ್ರು, ಆಮೇಲೆ ಮನಸ್ಸು ಬದಲಾಯಿಸಿ ಇಂಜಿನ್ ಪವರ್‌ನ ಲೀವರ್‌ಗಳನ್ನ ಹಿಂದಕ್ಕೆ ಎಳೆದ್ರು, ಆ ಗಡಿಬಿಡಿಯಲ್ಲಿ ಒಂದು ಇಂಜಿನ್ನಿನ ಲೀವರ್ ಮುಂದೇನೇ ಉಳಿದು ಆಟೋಬ್ರೇಕ್, ಅಂದ್ರೆ ತಾನಾಗೇ ಬೀಳೋ ಬ್ರೇಕ್, ಬಿಟ್ಟುಹೋಯ್ತು. ರಿವರ್ಸ್ ಥ್ರಸ್ಟ್ ಹಾಕಲೇ ಇಲ್ಲ, ಹಾಕಿಲ್ಲ ಅಂತ ಕಾಕ್‌ಪಿಟ್‌ನಲ್ಲಿ ಯಾರಿಗೂ ಗೊತ್ತೂ ಆಗ್ಲಿಲ್ಲ. ನನ್ನನ್ನ ಕಾಡೋದು ಇದೇ. ಫುಲ್ ರಿವರ್ಸ್ ಅಂದ್ರೆ ಇಡೀ ವಿಮಾನ ಗುಡುಗಿದ ಹಾಗೆ ಆಗತ್ತೆ, ದಿನಾ ಅದನ್ನ ಕೇಳಿದ ಕಿವಿಗೆ ಅದು ಇಲ್ಲದಾಗ ತಕ್ಷಣ ಗೊತ್ತಾಗತ್ತೆ, ಮೂರು ವರ್ಷ ಐಡಲ್‌ನಲ್ಲೇ ಇಳಿದ ಕಿವಿಗೆ ಹೇಗೆ ಗೊತ್ತಾಗ್ಬೇಕು? ರನ್‌ವೇ ಮುಗಿದು ಮುನ್ನೂರು ಮೀಟರ್‌ಗಿಂತ ಆಚೆ ಹೋಗಿ ನಿಂತ್ರು. 410 ಜನ ಇದ್ರು, ಪುಣ್ಯಕ್ಕೆ ಯಾರೂ ಸಾಯ್ಲಿಲ್ಲ.

ಆಸ್ಟ್ರೇಲಿಯಾದ ತನಿಖೆಯವರು ಪೈಲಟ್‌ಗಳ ತಪ್ಪಿಗೇ ನಿಲ್ಲಿಸ್ಲಿಲ್ಲ, ಈ ಹೊಸ ರೂಢಿ ತರೋವಾಗ ರಿಸ್ಕ್ ಸರಿಯಾಗಿ ತೂಗಿ ನೋಡಿಲ್ಲ, ನೀರು ನಿಂತ ರನ್‌ವೇ ಬಗ್ಗೆ ಟ್ರೈನಿಂಗೂ ಸಾಲದು ಅಂತ ಬರೆದ್ರು. ಅಂದ್ರೆ ಬದಲಾಯಿಸಿದ್ದೇ ತಪ್ಪು ಅಂತಲ್ಲ, ಎಲ್ಲಿ ಅದು ನಡೆಯಲ್ಲ ಅಂತ ಹೇಳದೇ ಹೋಗಿದ್ದು ತಪ್ಪು.

ನಮ್ಮ ಕಂಪನಿಯಲ್ಲೂ ಮಾಮೂಲಿಗೆ ಫ್ಲಾಪ್ 3, ಐಡಲ್ ರಿವರ್ಸ್. ಎ320ಗೆ ಏರ್‌ಬಸ್‌ನವರೇ ಫ್ಲಾಪ್ 3, ಅದಕ್ಕಿಂತ ಜಾಸ್ತಿ ಚಾಚೋ ಫುಲ್, ಎರಡಕ್ಕೂ ಅವಕಾಶ ಕೊಟ್ಟಿದಾರೆ. ಆದ್ರೆ ಜುಲೈ ಮಳೆಯಲ್ಲಿ ಮಂಗಳೂರಿಗೆ ಹೋಗುವಾಗ, 2,450 ಮೀಟರ್ ರನ್‌ವೇ, ಕೊನೆಗೆ ಕಣಿವೆ, ನಾನು ಇಳಿಯೋಕೆ ಮುಂಚೆ ಕ್ಯಾಪ್ಟನ್ ಜೊತೆ ಮಾತಾಡ್ಕೊಳ್ಳೋ ಬ್ರೀಫಿಂಗ್‌ನಲ್ಲೇ ಫ್ಲಾಪ್ ಫುಲ್, ರಿವರ್ಸ್ ಫುಲ್ ಅಂತ ಹೇಳಿಬಿಡ್ತೀನಿ. ಇವತ್ತಿನವರೆಗೂ ಒಬ್ಬ ಕ್ಯಾಪ್ಟನ್ ಕೂಡ ಯಾಕೆ ಅಂತ ಕೇಳಿಲ್ಲ.