ಆಡಿನ ಹಾಲಿನಿಂದ ಔಷಧಿ ತಯಾರಿಸುತ್ತಾರಂತೆ, ನಿಜವಾ? ಹೇಗೆ?

ನಿಜ. ಆದರೆ ಆ ಹಾಲನ್ನು ಸುಮ್ನೆ ಕುಡಿದರೆ ಕಾಯಿಲೆ ವಾಸಿಯಾಗುವುದಿಲ್ಲ. ಅದರೊಳಗಿನ ಒಂದು ಪ್ರೋಟೀನನ್ನು ಬೇರ್ಪಡಿಸಿ, ಶುದ್ಧ ಮಾಡಿ, ರಕ್ತನಾಳದ ಮೂಲಕ ಕೊಡುತ್ತಾರೆ.

ಆಂಟಿಥ್ರಾಂಬಿನ್ ಅನ್ನೇ ನೋಡಿ. ರಕ್ತ ಬೇಡದ ಕಡೆ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಇದು. ಹುಟ್ಟಿನಿಂದಲೇ ಇದು ಕಡಿಮೆ ಇರುವವರಿಗೆ ಆಪರೇಷನ್, ಹೆರಿಗೆ ಹೊತ್ತಿನಲ್ಲಿ ಅಪಾಯ ಜಾಸ್ತಿ. ಈ ಪ್ರೋಟೀನ್ ತಯಾರಿಸುವ ಮನುಷ್ಯರ ಜೀನಿಗೆ ಹಾಲಿನ ಪ್ರೋಟೀನಿನ ಜೀನಿನಿಂದ ತಂದ 'ಸ್ವಿಚ್' ಜೋಡಿಸಿ ಆಡಿನ ಭ್ರೂಣಕ್ಕೆ ಸೇರಿಸುತ್ತಾರೆ. ಆ ಸ್ವಿಚ್ ಆನ್ ಆಗುವುದು ಮುಖ್ಯವಾಗಿ ಕೆಚ್ಚಲಿನಲ್ಲಿ, ಹಾಗಾಗಿ ಮರಿ ಬೆಳೆದು, ಈದು, ಹಾಲು ಕೊಡಲು ಶುರು ಮಾಡಿದಾಗ ಹಾಲಿನ ಜೊತೆಗೇ ಆಂಟಿಥ್ರಾಂಬಿನ್ ಕೂಡ ಇಳಿಯುತ್ತದೆ. ಏಟ್ರಿನ್ ಎಂಬ ಈ ಔಷಧಿಗೆ ಯುರೋಪಿನಲ್ಲಿ 2006ರಲ್ಲಿ, ಅಮೆರಿಕದಲ್ಲಿ 2009ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಈಗ ಅದು ಮಾರಾಟದಲ್ಲಿಲ್ಲ. ಆಮೇಲೆ ಮೊಲದ ಹಾಲಿನಿಂದ ರುಕೋನೆಸ್ಟ್ ಬಂತು, ಕೋಳಿಮೊಟ್ಟೆಯ ಬಿಳಿಯಿಂದ ಕನುಮಾ.

ಬ್ಯಾಕ್ಟೀರಿಯಾದಲ್ಲೇ ಮಾಡಬಹುದಲ್ವಾ ಅಂತ ಕೇಳಬಹುದು. ಇನ್ಸುಲಿನ್‌ನಂಥ ಚಿಕ್ಕ ಪ್ರೋಟೀನಿಗೆ ಅದು ಸಾಕು. ದೊಡ್ಡವು ಸರಿಯಾಗಿ ಮಡಚಿಕೊಳ್ಳಬೇಕು, ಎಷ್ಟೋ ಸಲ ಮೈಮೇಲೆ ಸಕ್ಕರೆಯ ಸರಪಳಿಗಳೂ ಅಂಟಬೇಕು. ಅದು ಬ್ಯಾಕ್ಟೀರಿಯಾಗೆ ಒಗ್ಗದ ಕೆಲಸ.

ಹಾಗಂತ ಆಡಿನ ದಾರಿಯೂ ಸಲೀಸಲ್ಲ. ಜೀನ್ ಸೇರಿಸಿದ ಭ್ರೂಣಗಳಲ್ಲಿ ಫಲ ಕೊಡುವುದು ಕೆಲವೇ, ಪ್ರಾಣಿಯ ವೈರಸ್ ಔಷಧಿಗೆ ದಾಟದಂತೆಯೂ ನೋಡಬೇಕು. ಆದರೂ ಇದು ಅಷ್ಟಾಗಿ ಹರಡದಿರುವುದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ಬೇರೆಯೇ: ಟ್ಯಾಂಕಿನಲ್ಲಿ ಬೆಳೆಸುವ ಹ್ಯಾಮ್‌ಸ್ಟರ್ (ಇಲಿಯಂಥ ಪ್ರಾಣಿ) ಜೀವಕೋಶಗಳೇ ಈಗ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಿವೆ, ಅವಕ್ಕೆ ಕೊಟ್ಟಿಗೆಯೂ ಬೇಡ, ಮೇವೂ ಬೇಡ.